ಮುದ್ದೆಮಾಲು ನಂಬರ್ ಒಂದು

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯವರೆಗೆ ಮುಂಬಯಿಯಲ್ಲಿ ಎತ್ತನ್ನು ಮೊದಲ ಸಲ ಹಿಂಸಿಸಿದವರಿಗೆ ಹತ್ತು ರೂಪಾಯಿಗೆ ಕಡಿಮೆಯಾಗದಂತೆ, ಐವತ್ತಕ್ಕೆ ಮೀರದಂತೆ ದಂಡ ಹಾಕಲಾಗುತ್ತಿತ್ತು. ಅಂದರೆ ಭಾನುವಾರ ಸಂಸಾರ ಸಮೇತ ಹೋಟೆಲಿಗೆ ಹೋಗಿ ತಿಂಡಿ ತಿಂದು ಏಳುವುದಕ್ಕಿಂತ ಮನೆಯಲ್ಲೇ ಉಳಿದು ಎತ್ತಿಗೆ ಹೊಡೆಯುವುದು ಅಗ್ಗವಾಗಿತ್ತು. ಸುಸಂಸ್ಕೃತ ಶಹರಕ್ಕೆ ಇದು ಶೋಭೆಯಲ್ಲವೆಂದು ಮನಗಂಡು ‘ಮೂಕಪ್ರಾಣಿ ಹಿಂಸಾ ದಂಡ ಬಿಗಿಗೊಳಿಕೆ ಸಮಿತಿ’ಯನ್ನು ರಚಿಸಲಾಯಿತು. ಅದರ ಕಚೇರಿ ಪರೇಲಿನಲ್ಲಿ, ಬೀಗ ಬಿದ್ದ ಗಿರಣಿಯೊಂದರ ಬೆನ್ನಿಗಿದ್ದ ಹಳೇ ಕಟ್ಟಡದಲ್ಲಿ ತೆರೆಯಿತು. ಮೂವರು ಸದಸ್ಯರು ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿನ ದನಗಳನ್ನು ಹನ್ನೆರಡು ದಿನ ಖುದ್ದಾಗಿ ನೋಡಿ ಬಂದರು. ದನಗಳು ಸುಖವಾಗಿವೆ ಎಂದು ವರದಿ ಕೊಟ್ಟರು. ವರದಿಯ ಜತೆ ಕಚೇರಿಗೆಲ್ಲ ತಲೆಗೊಂದು ಚಾಕೊಲೇಟು.

ಚಾಕೊಲೇಟನ್ನು ಪರ್ಸಿನಲ್ಲಿಟ್ಟುಕೊಂಡು ಮಲಾಡಿನ ಮನೆಗೆ ಹೋಗುವಷ್ಟರಲ್ಲಿ ಕರಗಿಸಿಕೊಂಡವಳು ಪಂಕಜಾ. ಆ ಕಚೇರಿಯ ಹೆಡ್ ಕ್ಲಾರ್ಕು. ಮೂಲ ಮೈಸೂರು; ಮದುವೆಯಾಗಿ ಮುಂಬಯಿಗೆ ಬಂದವಳು, ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ಅಲ್ಪವಿರಾಮವನ್ನೂ ತಪ್ಪು ಜಾಗದಲ್ಲಿ ಹಾಕಿದವಳಲ್ಲ. ಆ ಇಪ್ಪತ್ತೆರಡರಲ್ಲಿ ಹತ್ತೊಂಬತ್ತನ್ನು ಅವಳು ಕಳೆದದ್ದು ಜಪ್ತಿ ಮಾಡಿದ ಹೆಂಡದ ಬಾಟಲಿಗಳ ಉಗ್ರಾಣದಲ್ಲಿ. ಕುಡಿಯದೆಯೇ ಎಲ್ಲ ಬ್ರ್ಯಾಂಡುಗಳ ವಾಸನೆ ಗೊತ್ತಿದ್ದ ಆ ಕಾಲದ ಏಕೈಕ ಮಹಿಳಾ ಉದ್ಯೋಗಿಯೆಂದು ಅವಳಿಗೆ ಹೆಸರಿತ್ತು.

ಹೊಸ ನಿಯಮಗಳ ಬಿಡುಗಡೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು. ಅಚ್ಚಾಗದೆ ಉಳಿದದ್ದು ನಿಯಮಗಳು ಮಾತ್ರ. ಶನಿವಾರ ನಾಲ್ಕು ಗಂಟೆಗೆ ಕಾರ್ಯದರ್ಶಿ ಸೀತಾರಾಮ ಅವಳ ಮೇಜಿನ ಹತ್ತಿರ ಬಂದು ನಿಂತರು.

“ಪಂಕಜಾ, ಒಂದು ಸಣ್ಣ ಕೆಲಸ. ನಿಯಮ ಬರೆದುಬಿಡಿ.”

“ಎಷ್ಟು ಸರ್?”

“ಒಂದು ಇಪ್ಪತ್ತು ಇರಲಿ. ಕಮ್ಮಿ ಇದ್ದರೆ ಚೆನ್ನಾಗಿರಲ್ಲ.”

ದಂಡದ ಭಾಗವನ್ನು ಅವಳು ಮನಸ್ಸಿಟ್ಟು ತಾನೇ ಬರೆದಳು. ಐದು ಸಾವಿರ ರೂಪಾಯಿ ದಂಡ, ಮೂರು ತಿಂಗಳು ಜೈಲು. ತಾನಾಗಿ ತಪ್ಪೊಪ್ಪಿಕೊಂಡವನಿಗೆ ಜೈಲು ಮಾಫಿ, ದಂಡ ಮಾತ್ರ. ಬರೆದು ಮುಗಿಸುವಾಗ ಅವಳಿಗೆ ಚಿಕ್ಕಂದಿನಲ್ಲಿ ನೋಡಿದ್ದ, ಜಟಕಾದವನ ಚಾಟಿಗೆ ಸಿಕ್ಕಿ ಕುಸಿದು ಬಿದ್ದ ಕುದುರೆಯೊಂದು ನೆನಪಾಗಿ, ಸ್ವಲ್ಪ ಹಾಯೆನಿಸಿತು. ಆದರೆ ಆಗ ಗಂಟೆ ಐದೂಕಾಲು, ಇನ್ನೂ ಹದಿನೈದು ನಿಯಮ ಬಾಕಿ. ಎಲ್ಲ ಸರ್ಕಾರಿ ಕಚೇರಿಗಳಲ್ಲೂ ಹೊಸ ನಿಯಮ ಹುಟ್ಟುವುದು ಹಳೇ ನಿಯಮದ ಹೊಟ್ಟೆಯಲ್ಲೇ. ಇದು ಯಾರೂ ನಾಚಿಕೊಳ್ಳುವ ವಿಷಯವಲ್ಲ. ಅವಳು ಉಗ್ರಾಣದ ಕಾಲದ ‘ಜಪ್ತಾದ ಬಾಟಲಿಗಳ ಸಂರಕ್ಷಣೆ ಹಾಗೂ ವಿಲೇವಾರಿ’ ಎಂಬ ಕರಡನ್ನು ಬೀರುವಿನಿಂದ ತೆಗೆದಳು. ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ಬಾಟಲಿ ಇರುವಲ್ಲೆಲ್ಲ ಪ್ರಾಣಿ ಎಂದು ಟೈಪಿಸುವುದು’ ಎಂದು ಬರೆದು ಟೈಪಿಸ್ಟಳ ಕೈಗಿಟ್ಟು, ಸೋಮವಾರ ಬೆಳಿಗ್ಗೆ ಬೇಗ ಬಂದು ಒಮ್ಮೆ ಕಣ್ಣಾಡಿಸಿದರಾಯಿತು ಎಂದುಕೊಂಡು ಐದೂ ನಲವತ್ತೆರಡರ ಲೋಕಲ್ ಹಿಡಿದಳು.

ಸೋಮವಾರ ಲೋಕಲ್ ಬಾಂದ್ರಾದಲ್ಲಿ ಎರಡು ಗಂಟೆ ನಿಂತಿತು. ಅವಳು ಬರುವಷ್ಟರಲ್ಲಿ ಏಳು ಜನ ಅಧಿಕಾರಿಗಳು ಸಹಿ ಹಾಕಿ, ಹಾರ ತುರಾಯಿಗಳೊಂದಿಗೆ ನಿಯಮಗಳು ಬಿಡುಗಡೆಯಾಗಿದ್ದವು.

ಶಹರದಾದ್ಯಂತ ಪೋಸ್ಟರುಗಳು ಬಿದ್ದವು. ಎತ್ತಿನ ಕಣ್ಣಲ್ಲಿ ನೀರು, ಕೆಳಗೆ ‘ಮೂಕಪ್ರಾಣಿಯ ಮೇಲೆ ಕೈಯೆತ್ತಿದರೆ ಐದು ಸಾವಿರ. ನೊಂದ ಪ್ರಾಣಿಯನ್ನು ನಮ್ಮ ಕಚೇರಿಯಲ್ಲಿ ಹಾಜರುಪಡಿಸಿ’ ಎಂಬ ಬರಹ. ಅದರ ಕೆಳಗೆ, ಎತ್ತಿನ ಕಣ್ಣೀರಿಗಿಂತ ದಪ್ಪ ಅಕ್ಷರದಲ್ಲಿ, ‘ಪೋಸ್ಟರ್ ವೆಚ್ಚ: ಗುರಲಿಂಗಪ್ಪ ಟ್ರಾನ್ಸ್‌ಪೋರ್ಟ್, ಕಾಂದಿವಲಿ.’

ಆರು ತಿಂಗಳು ಯಾರೂ ಯಾವ ಪ್ರಾಣಿಯನ್ನೂ ಹಾಜರುಪಡಿಸಲಿಲ್ಲ. ನಿಯಮಗಳ ಪುಸ್ತಕ ಬೀರುವಿನಲ್ಲೇ ಭದ್ರವಾಗಿತ್ತು. ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಪ್ಯೂನ್ ದೂಜ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. ಬಂಟ್ವಾಳದ ಕಡೆಯವನು, ನಿವೃತ್ತಿಗೆ ಎರಡೇ ವರ್ಷವಿದ್ದು, ಅಷ್ಟರಲ್ಲಿ ಏನೂ ಆಗದಿರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದವನು.

“ಮೇಡಮ್, ಕೆಳಗೆ ಒಂದು ಎತ್ತು ಬಂದುಂಟು.”

“ಎತ್ತೇ?”

“ಹೌದು ಮಾರಾಯ್ರೆ. ಒಟ್ಟಿಗೆ ಒಂದು ಹೆಂಗಸು. ಕಾಂದಿವಲಿಯಿಂದ ನಡೆದೇ ಬಂದದ್ದಂತೆ ಇಬ್ಬರೂ.”

ಹೆಂಗಸು ಬಸಲಿಂಗವ್ವ. ವಿಜಾಪುರದ ಇಂಡಿ ಕಡೆಯವಳು. ಗಂಡ ತೀರಿಕೊಳ್ಳುವಾಗ ಬಿಟ್ಟುಹೋದದ್ದು ಒಂದು ಸೀಮೆಎಣ್ಣೆ ಟಾಂಕಿಯ ಗಾಡಿ, ಒಂದು ಒಂಟಿ ಎತ್ತು. ಕರುವಾಗಿದ್ದಾಗಲೇ ಮುದುಕರ ಹಾಗೆ ತೂಗಿ ತೂಗಿ ನಡೆಯುತ್ತಿತ್ತೆಂದು ಅದಕ್ಕೆ ಮುತ್ಯಾ ಎಂದು ಹೆಸರು. ಕಾಂದಿವಲಿಯ ಕಾರ್ಖಾನೆಗಳ ಸುತ್ತಿನ ಚಾಳುಗಳಿಗೆ ಸೀಮೆಎಣ್ಣೆ ಹಾಕಿ ಜೀವನ. ಮುತ್ಯಾನ ಪಕ್ಕೆಯಲ್ಲಿ ಅಂಗೈ ಅಗಲದ ಗಾಯ, ಅದರ ಮೇಲೆ ಅವಳ ಹಳೇ ಸೀರೆಯ ತುಂಡು.

“ಅಕ್ಕಾರ, ಕಬ್ಬಿಣದ ಸಳಿಲೆ ತಿವದಾನ್ರಿ,” ಎಂದಳು ಬಸಲಿಂಗವ್ವ. “ಗುರಲಿಂಗಪ್ಪ ಅಂತ. ಆರು ಟೆಂಪೋ ಅದಾವ ಅವಂದು. ಕಾರ್ಖಾನಿ ಎಸ್ಟೇಟ್ ಗೇಟಿನ ಬಾಜೂಕ ನಾ ಹದಿನಾಕ ವರ್ಷದಿಂದ ಗಾಡಿ ನಿಂದರಸ್ತೀನಿ, ಆ ಜಾಗಾ ತನಗ ಬೇಕಂತ. ನನಗ ಬೈದ. ಬೈಲಿ, ನಾನೂ ಬೈದೆ. ಮುತ್ಯಾ ಏನ್ ಮಾಡಿತ್ರಿ? ಪಾಪ, ಅದಕ್ಕ ಬೈಯಾಕೂ ಬರೂದಿಲ್ಲ.”

“ಗುರಲಿಂಗಪ್ಪ ಅಂದರೆ… ಪೋಸ್ಟರ್ ಗುರಲಿಂಗಪ್ಪ?”

“ಹೂಂನ್ರಿ. ಆ ಪೋಸ್ಟರ್ ಕೆಳಗ ನಿಂತs ತಿವದಾನ. ಓದಾಕ ಬರೂವ್ರ ಕಡೆಯಿಂದ ಓದಿಸಿದೆ. ಐದ ಸಾವಿರ ಅಂದ್ರು. ನನಗ ರೊಕ್ಕ ಬ್ಯಾಡ್ರಿ. ಮುತ್ಯಾನ ಮುಂದ ಅವಾ ಒಮ್ಮೆ ತಲಿ ತಗ್ಗಸ್ಲಿ, ಅಷ್ಟs.”

ಪಂಕಜಾಳಿಗೆ ಎದೆ ತುಂಬಿ ಬಂತು. ಕಾಯ್ದೆ ಬರೆದ ಕೈಗೆ ಕಾಯ್ದೆ ಬೇಕಾದವರ ಮುಖ ಕಾಣಸಿಗುವುದು ಸರ್ಕಾರಿ ನೌಕರಿಯಲ್ಲಿ ಅಪರೂಪ. ಅವಳು ಬೀರು ತೆರೆಸಿ, ಪುಸ್ತಕದ ಧೂಳು ಒರೆಸಿ, ಗಟ್ಟಿಯಾಗಿ ಓದತೊಡಗಿದಳು. ಆ ಪುಸ್ತಕವನ್ನು ಯಾರಾದರೂ ಓದಿದ್ದು ಅದೇ ಮೊದಲು.

“ನಿಯಮ ಆರು. ಹಿಂಸೆಗೊಳಗಾದ ಪ್ರಾಣಿಯನ್ನು ಮುದ್ದೆಮಾಲಾಗಿ, ಅಂದರೆ ಸಾಕ್ಷ್ಯದ ಸ್ವತ್ತಾಗಿ, ಜಪ್ತಿ ಮಾಡಿ ನಂಬರು ಕೊಡತಕ್ಕದ್ದು. ಸರಿ. ನಿಯಮ ಏಳು. ಪ್ರತಿಯೊಂದು ಪ್ರಾಣಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ…”

ಅವಳ ದನಿ ಸಣ್ಣದಾಯಿತು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡಳು. ನಿಯಮ ಎಂಟು: ಪ್ರಾಣಿಗಳನ್ನು ತಂಪಾದ, ಬಿಸಿಲು ಬೀಳದ ಕೋಣೆಯಲ್ಲಿ, ಅಡ್ಡ ಮಲಗಿಸದೆ, ನೆಟ್ಟಗೆ ನಿಲ್ಲಿಸತಕ್ಕದ್ದು. ನಿಯಮ ಒಂಬತ್ತು: ಪ್ರತಿ ಪ್ರಾಣಿಯಿಂದ ನೂರೆಂಬತ್ತು ಮಿಲಿಲೀಟರ್ ಮಾದರಿ ತೆಗೆದು ರಾಸಾಯನಿಕ ಪರೀಕ್ಷೆಗೆ ಕಳಿಸತಕ್ಕದ್ದು. ನಿಯಮ ಹನ್ನೊಂದು: ಮುದ್ದೆಮಾಲಿನ ಸ್ಥಿತಿಯಲ್ಲಿ ಬದಲಾವಣೆಯಾಗಕೂಡದು, ಆದರೆ ವರ್ಷಕ್ಕೆ ಶೇಕಡಾ ಎರಡರಷ್ಟು ಆವಿಯಾಗುವಿಕೆ ಕ್ಷಮ್ಯ. ನಿಯಮ ಹದಿನಾಲ್ಕು: ಪ್ರಕರಣವು ಶಿಕ್ಷೆ, ಖುಲಾಸೆ, ರಾಜಿ ಅಥವಾ ಆರೋಪಿಯ ಮರಣ, ಇವುಗಳಲ್ಲಿ ಯಾವ ರೀತಿಯಿಂದ ಮುಕ್ತಾಯವಾದರೂ, ಸದರಿ ಪ್ರಾಣಿಯನ್ನು ಏಳು ದಿನಗಳೊಳಗೆ ಇಬ್ಬರು ಪಂಚರ ಸಮಕ್ಷಮ ನಾಶಪಡಿಸಿ, ಚರಂಡಿಗೆ ಸುರಿದು, ಪಂಚನಾಮೆ ಬರೆಯತಕ್ಕದ್ದು.

“ಏನ್ ಬರದೈತ್ರಿ ಅಕ್ಕಾರ?” ಎಂದಳು ಬಸಲಿಂಗವ್ವ.

“ಒಂದು ನಿಮಿಷ ಇರಮ್ಮ,” ಎಂದು ಪಂಕಜಾ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಸೀತಾರಾಮರ ಕೋಣೆಗೆ ಹೋದಳು.

ಸೀತಾರಾಮ ಸಮಾಧಾನವಾಗಿ ಓದಿದರು. “ಬಿಗಿಯಾಗಿದೆ,” ಎಂದರು.

“ಸರ್, ಇದು ಬಾಟಲಿಗೆ ಬರೆದದ್ದು. ತಪ್ಪು ನನ್ನದು. ಮೆಮೊ ಕೊಡಿ, ಒಂದು ಇನ್‌ಕ್ರಿಮೆಂಟ್ ಕಟ್ ಮಾಡಿ. ಆದರೆ ಇದನ್ನ ತೆಗೆದುಹಾಕಿ.”

“ಎಲ್ಲಿ ಬಾಟಲಿ ಅಂತ ಬರೆದಿದೆ, ತೋರಿಸಿ.”

ಎಲ್ಲೂ ಬರೆದಿರಲಿಲ್ಲ. ಟೈಪಿಸ್ಟ್ ಹುಡುಗಿ ಬಹಳ ಶ್ರದ್ಧೆಯವಳು.

“ಏಳು ಜನ ಸಹಿ ಹಾಕಿದ್ದಾರೆ. ಏಳು ಜನರ ಸಹಿಯ ಕೆಳಗೆ ತಪ್ಪು ಹೇಗೆ ಬರುತ್ತೆ ಪಂಕಜಾ? ತಪ್ಪು ಅನ್ನೋದು ಒಬ್ಬರು ಮಾಡೋದು.”

“ತಿದ್ದುಪಡಿ ಮಾಡಬಹುದಲ್ಲ ಸರ್.”

“ತಿದ್ದಿದರೆ ನಿಯಮ ಸಡಿಲವಾಗುತ್ತೆ. ನಮ್ಮದು ಬಿಗಿಗೊಳಿಕೆ ಸಮಿತಿ. ಸಡಿಲಗೊಳಿಸೋದಕ್ಕೆ ಬೇರೆ ಸಮಿತಿ ಬೇಕು. ಅದಿನ್ನೂ ರಚನೆಯಾಗಿಲ್ಲ.” ಅವರು ಕನ್ನಡಕ ತೆಗೆದು ಒರೆಸಿದರು. “ಹೆಂಗಸು ದೂರನ್ನ ವಾಪಸ್ ತಗೊಂಡರೆ?”

“ರಾಜಿ ಅಂತ ಆಗುತ್ತೆ ಸರ್. ಹದಿನಾಲ್ಕು.”

“ದೂರನ್ನ ತಗೊಳ್ಳದೇ ಇದ್ದರೆ?”

ಅಷ್ಟರಲ್ಲಿ ದೂಜ ಬಾಗಿಲಲ್ಲಿ ತಲೆ ಹಾಕಿದ. “ಆವಕ ರಿಜಿಸ್ಟರಿನಲ್ಲಿ ಬರೆದಾಯ್ತು ಸರ್. ಬಂದದ್ದನ್ನು ಬರೆಯದೆ ಇರ್ಲಿಕ್ಕೆ ಆಗ್ತದಾ? ಎತ್ತು ಒಂದು.”

ಈ ಪ್ರಕಾರ ಮುತ್ಯಾ ‘ಮುದ್ದೆಮಾಲು ನಂಬರ್ ಒಂದು’ ಆದ. ಪಂಕಜಾ ಬಸಲಿಂಗವ್ವನನ್ನು ಬೆಂಚಿನ ಮೇಲೆ ಕೂರಿಸಿ, ಚಹ ತರಿಸಿ, ಹದಿನಾಲ್ಕನೆಯ ನಿಯಮವನ್ನು ಮೂರು ಸಲ ಬಿಡಿಸಿ ಹೇಳಿದಳು. ಮೂರನೆಯ ಸಲ ಬಸಲಿಂಗವ್ವ ಕಪ್ಪನ್ನು ಕೆಳಗಿಟ್ಟಳು.

“ಅಂದ್ರ, ನ್ಯಾಯ ಸಿಕ್ಕಿತೂ ಅಂದ್ರ ಮುತ್ಯಾನ್ನ ಕೊಲ್ತೀರಿ.”

“ಸಿಗದೇ ಹೋದರೂ ಕೊಲ್ಲಬೇಕಾಗುತ್ತೆ.”

“ಮತ್ತ ಉಳಿಯೂದ ಹೆಂಗ?”

“ಕೇಸು ಮುಗೀಬಾರದು.”

ಬಸಲಿಂಗವ್ವ ಯೋಚಿಸಿದಳು. “ಅದೇನ್ ದೊಡ್ಡ ಮಾತಲ್ಲ ಬಿಡ್ರಿ. ಊರಾಗ ನಮ್ಮ ಮಾವನ ಹೊಲದ ಕೇಸ ಮೂವತ್ತ ವರ್ಷ ಆತು ನಡದೈತಿ.”

ತಂಪಾದ, ಬಿಸಿಲು ಬೀಳದ ಕೋಣೆಯೆಂದರೆ ನೆಲಮಹಡಿಯ ದಾಖಲೆ ಕೋಣೆ. ಮುತ್ಯಾನನ್ನು ಅಲ್ಲಿ ನೆಟ್ಟಗೆ ನಿಲ್ಲಿಸಲಾಯಿತು. ಅವನು ಕಡತಗಳನ್ನು ತಿನ್ನುತ್ತಾನೆಂದು ಇಡೀ ಕಚೇರಿ ಆಸೆಯಿಂದ ಕಾದಿತ್ತು. ಕೆಲವರು ತಿನ್ನಿಸಬೇಕಾದ ಕಡತಗಳನ್ನು ಕೆಳಗಿನ ಅಡ್ಡಪಟ್ಟಿಗೂ ಇಳಿಸಿದ್ದರು. ಮುತ್ಯಾ ಮೂಸಿ ಮುಖ ತಿರುಗಿಸಿದ. ಬಾಯಿಗೆ ಬಟ್ಟೆ ಸುತ್ತಿ, ಮೂಗಿಗೆ ಗಾಳಿಯಾಡುವಂತೆ ಬಿಟ್ಟು, ಕೊಂಬಿನ ಹತ್ತಿರ ಗಂಟು ಹಾಕಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಲಾಯಿತು. ಅವನು ತಿನ್ನುವುದು ಹೇಗೆ ಎಂಬ ಪ್ರಶ್ನೆಗೆ ನಿಯಮಗಳಲ್ಲಿ ಉತ್ತರವಿರಲಿಲ್ಲ, ಬಾಟಲಿಗಳು ತಿನ್ನುತ್ತಿರಲಿಲ್ಲವಾದ್ದರಿಂದ. ಪಂಕಜಾ ಒಂದು ರಾತ್ರಿ ನಿದ್ದೆಗೆಟ್ಟು ಹತ್ತನೆಯ ನಿಯಮದಲ್ಲಿ ದಾರಿ ಹುಡುಕಿದಳು: ‘ಹೆಡ್ ಕ್ಲಾರ್ಕರು ಅಗತ್ಯಬಿದ್ದಾಗ ಮುದ್ರೆ ಒಡೆದು ತಪಾಸಣೆ ನಡೆಸಿ ಪುನಃ ಮುದ್ರೆ ಹಾಕಬಹುದು.’ ಅಂದಿನಿಂದ ಬೆಳಿಗ್ಗೆ ಹತ್ತಕ್ಕೆ, ಸಂಜೆ ಐದಕ್ಕೆ ಮುದ್ರೆ ಒಡೆಯುತ್ತಿದ್ದಳು. ತಪಾಸಣೆ ಒಂದೊಂದು ಗಂಟೆ ನಡೆಯುತ್ತಿತ್ತು. ‘ಮುದ್ದೆಮಾಲಿನ ಬಾಯಿ ಸುಸ್ಥಿತಿಯಲ್ಲಿದೆ. ಒಂದು ಹೊರೆ ಹುಲ್ಲಿನಷ್ಟು ತಪಾಸಿಸಲಾಯಿತು’ ಎಂದು ರಿಜಿಸ್ಟರಿನಲ್ಲಿ ದಿನಕ್ಕೆರಡು ಸಲ ನಮೂದಾಗುತ್ತಿತ್ತು. ರಜಾದಿನಗಳಲ್ಲಿ ತಪಾಸಣೆಗೆಂದು ಅವಳು ಮಲಾಡಿನಿಂದ ಬಂದು ಹೋಗುತ್ತಿದ್ದಳು. ಅದಕ್ಕೆ ಓವರ್‌ಟೈಮ್ ಇರಲಿಲ್ಲ.

ಮಾದರಿಯನ್ನೂ ಕಳಿಸಲಾಯಿತು. ನೂರೆಂಬತ್ತು ಮಿಲಿಲೀಟರ್ ಏನನ್ನು ಎಂದು ನಿಯಮ ಹೇಳದ್ದರಿಂದ ಮುತ್ಯಾ ಸ್ವಯಂಪ್ರೇರಣೆಯಿಂದ ಕೊಟ್ಟದ್ದನ್ನೇ ದೂಜ ಬಾಟಲಿಯಲ್ಲಿ ಹಿಡಿದ. ಮೂರು ತಿಂಗಳ ಮೇಲೆ ವರದಿ ಬಂತು: ‘ಮಾದರಿಯಲ್ಲಿ ಮದ್ಯಸಾರ ಕಂಡುಬಂದಿಲ್ಲ. ಕುಡಿಯಲು ಯೋಗ್ಯವಲ್ಲ.’

ಗಾಯ ಮಾತ್ರ ತೊಂದರೆ ಕೊಟ್ಟಿತು. ಬಸಲಿಂಗವ್ವ ಬಂದಾಗಲೆಲ್ಲ ಅರಿಶಿನ, ಬೇವಿನೆಣ್ಣೆ ಹಚ್ಚುತ್ತಿದ್ದಳು. ಎರಡು ತಿಂಗಳಲ್ಲಿ ಗಾಯ ಮಾಯ್ದಿತು. ಸ್ಥಿತಿ ಬದಲಾದದ್ದನ್ನು ಕಂಡು ಸೀತಾರಾಮ ಗಾಬರಿಯಾದರು. ಸಮಿತಿಯ ಪಶುವೈದ್ಯ ರಾಮಸ್ವಾಮಿಯವರು ಟೇಪು ಹಿಡಿದು ಮುತ್ಯಾನನ್ನು ಮೂಗಿನಿಂದ ಬಾಲದವರೆಗೆ ಅಳೆದು, ಗಾಯವು ಒಟ್ಟು ಎತ್ತಿನ ಶೇಕಡಾ ಒಂದೂ ಮುಕ್ಕಾಲರಷ್ಟು ಮಾತ್ರ ಇದ್ದುದಾಗಿಯೂ, ಅದು ಆವಿಯಾಗಿರುವುದಾಗಿಯೂ ಪ್ರಮಾಣಪತ್ರ ಕೊಟ್ಟರು.

ಪ್ರತಿ ತಿಂಗಳ ಮೊದಲ ಸೋಮವಾರ ವಿಚಾರಣೆ. ವಿಚಾರಣಾಧಿಕಾರಿ ಸೀತಾರಾಮರೇ. ಮೊದಲ ಮೂರು ತಾರೀಖಿಗೆ ಗುರಲಿಂಗಪ್ಪ ವಕೀಲನನ್ನು ಕಳಿಸಿದ. ನಾಲ್ಕನೆಯದಕ್ಕೆ ತಾನೇ ಬಂದ. ಬಿಳಿ ಸಫಾರಿ, ಬೆರಳಿಗೆ ನಾಲ್ಕು ಉಂಗುರ, ಒಂದು ಇಡೀ ದಿನ ಹಾಳಾದ ಸಿಟ್ಟು.

“ಸಾಹೇಬ್ರ, ಬಸ್ ಆತು ಇದು. ತಾರೀಖ್ ಮೇಲೆ ತಾರೀಖ್, ನನ್ನ ಧಂಧಾ ಯಾರ್ ನೋಡ್ಬೇಕು? ಹೊಡದೀನಿ. ಗಲತಿ ಆಗ್ಯಾದ. ಐದ ಸಾವಿರ ತೊಗೋರಿ, ಖತಂ ಮಾಡ್ರಿ.”

ಬಸಲಿಂಗವ್ವ ಬೆಂಚಿನಿಂದ ಚಂಗನೆ ಎದ್ದಳು.

“ಏ ಯಣ್ಣಾ! ಒಪ್ಪಬ್ಯಾಡೋ! ನೀ ಎಲ್ಲಿ ಹೊಡದಿ? ಸಾಹೇಬ್ರ, ಇಂವಾ ಸುಳ್ಳ ಹೇಳ್ತಾನ್ರಿ!”

“ನಾನs ಹೊಡದೀನೇಳವ್ವಾ. ನೀನs ಕಂಪ್ಲೇಂಟ್ ಕೊಟ್ಟಿ.”

“ಕೊಟ್ಟಿದ್ದೆ ಖರೆ. ಆದ್ರ ನೀ ಒಪ್ಪಬಾರ್ದು. ದೇವರಂಥಾ ಮನಷ್ಯಾ ನೀ, ಒಂದ ನೊಣಕ್ಕೂ ಹೊಡದಾವಲ್ಲ!”

“ಆರೋಪಿ ತಪ್ಪೊಪ್ಪಿಕೊಳ್ತಿದ್ದಾನಲ್ಲ,” ಎಂದು ಸೀತಾರಾಮ ಪೆನ್ನಿನ ಮುಚ್ಚಳ ತೆಗೆದರು.

ಪಂಕಜಾ ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಅಧಿಕಾರಿಯ ಮಾತಿಗೆ ಅಡ್ಡ ಬಂದಳು. “ಸರ್, ತಪ್ಪೊಪ್ಪಿಗೆ ಮೂರು ಪ್ರತಿಯಲ್ಲಿರಬೇಕು. ಕಾರ್ಬನ್ ಪೇಪರ್ ಮುಗಿದಿದೆ.”

ಪೆನ್ನಿಗೆ ಮುಚ್ಚಳ ಬಿತ್ತು. ಮುಂದಿನ ತಾರೀಖು ಕೊಡಲಾಯಿತು.

ಕೆಳಗೆ, ದಾಖಲೆ ಕೋಣೆಯ ಮುಂದಿನ ವರಾಂಡದಲ್ಲಿ ಗುರಲಿಂಗಪ್ಪನಿಗೆ ವಿಷಯ ಏನೆಂದು ಬಸಲಿಂಗವ್ವನೇ ಹೇಳಿದಳು. ಹೇಳಬೇಡ ಎಂದು ಪಂಕಜಾ ಕಣ್ಣಲ್ಲೇ ಎಷ್ಟು ಸನ್ನೆ ಮಾಡಿದರೂ ಕೇಳಲಿಲ್ಲ. ನಿಜ ಹೇಳಿದರೆ ಕರಗುತ್ತಾನೆಂದು ಅವಳ ನಂಬಿಕೆ. ಗುರಲಿಂಗಪ್ಪ ನಿಜಕ್ಕೂ ಕರಗಿದ. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಮುತ್ಯಾನ ಕಡೆ ನೋಡಿದ.

“ಅಂದ್ರ, ನಾ ಒಪ್ಪಿಕೊಂಡ್ರ ಇದರ ಕತಿ ಮುಗೀತು. ನಾ ಸುಮ್ಮನಿದ್ರ ಇದು ಬದಕ್ತದ.”

“ಹೂಂ ಯಣ್ಣಾ.”

“ಹಂಗಾರ ಅವ್ವಾ… ಆ ಗೇಟಿನ ಬಾಜೂ ಜಾಗಾ?”

ಬಸಲಿಂಗವ್ವ ಅವನನ್ನು ನೋಡಿದಳು, ಎತ್ತನ್ನು ನೋಡಿದಳು. ಜಾಗ ಬಿಟ್ಟುಕೊಟ್ಟಳು.

ಜಾಗವಿದ್ದೂ ಅವಳಿಗೆ ಉಪಯೋಗವಿರಲಿಲ್ಲ ಎನ್ನುವವರಿದ್ದರು. ಎತ್ತಿಲ್ಲದ ಮೇಲೆ ದೊಡ್ಡ ಟಾಂಕಿ ಮಾರಿ, ಒಂದು ಕೈಗಾಡಿ ಕೊಂಡು, ಅದರಲ್ಲಿ ಎರಡು ಡ್ರಮ್ಮಿಟ್ಟು ತಾನೇ ಎಳೆಯುತ್ತಿದ್ದಳು. ಒಮ್ಮೆ ತಾರೀಖಿಗೆ ಬಂದಾಗ ಅವಳ ರವಿಕೆಯ ಭುಜ ಹರಿದದ್ದು ದೂಜನ ಕಣ್ಣಿಗೆ ಬಿತ್ತು.

“ಮೇಡಮ್, ಈ ಅಮ್ಮನ ಹೆಗಲು ನೋಡಿ ಒಮ್ಮೆ. ಎತ್ತಿನದ್ದಕ್ಕಿಂತ ದೊಡ್ಡ ಗಾಯ. ಇದಕ್ಕೆ ಐದು ಸಾವಿರ ಇಲ್ವಾ?”

ಪಂಕಜಾ ನಿಯಮ ಎರಡನ್ನು ನೋಡಿದಳು. ‘ಪ್ರಾಣಿ ಎಂದರೆ ಮನುಷ್ಯನ ಹೊರತಾದ ಯಾವುದೇ ಜೀವಿ.’ ಇದು ಅವಳು ತಾನೇ ಬರೆದ ಭಾಗ. ಇದರಲ್ಲಿ ಬಾಟಲಿಯ ತಪ್ಪೇನೂ ಇರಲಿಲ್ಲ. ಅವಳು ತನ್ನ ಡ್ರಾಯರಿನಿಂದ ಬೋರೋಲಿನ್ ತೆಗೆದು ಬಸಲಿಂಗವ್ವನ ಕೈಗಿಟ್ಟಳು. ಯಾವ ರಿಜಿಸ್ಟರಿನಲ್ಲೂ ಬರೆಯಲಿಲ್ಲ.

ಗುರಲಿಂಗಪ್ಪನಿಗೆ ಕ್ರಮೇಣ ತಪ್ಪೊಪ್ಪಿಕೊಳ್ಳದಿರುವುದು ಒಂದು ಉದ್ಯೋಗವೇ ಆಯಿತು. ತಾರೀಖಿಗೆ ಮುಂಚಿನ ವಾರ ಅವನ ಮನಸ್ಸಾಕ್ಷಿ ಚುಚ್ಚಲು ಶುರುವಾಗುತ್ತಿತ್ತು. “ಯಾಕೋ ಒಳಗ ಕುಟಕಾಕತ್ತೈತಿ ಅವ್ವಾ, ಹೇಳಿಬಿಡ್ಲ್ಯಾ?” ಎನ್ನುತ್ತಿದ್ದ. ಬಸಲಿಂಗವ್ವ ಒಂದು ತಿಂಗಳು ಅವನ ಗೋದಾಮು ಗುಡಿಸಿದಳು. ಇನ್ನೊಂದು ತಿಂಗಳು ಅವನ ಮನೆಗೆ ಸೀಮೆಎಣ್ಣೆ ಪುಕ್ಕಟೆ ಹಾಕಿದಳು. ಒಮ್ಮೆ ಅವನು ಕೇಳಿದ್ದು ಒಂದು ಪತ್ರ ಮಾತ್ರ, ತಾನು ಮೂಕಪ್ರಾಣಿಗಳ ಬಂಧು ಎಂದು. ಬರೆದುಕೊಟ್ಟವಳು ಪಂಕಜಾ. ಬಸಲಿಂಗವ್ವ ಹೆಬ್ಬೆಟ್ಟು ಒತ್ತಿದಳು. ತನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಸುಂದರವಾದ ಪತ್ರವನ್ನು ಪಂಕಜಾ ಬರೆದಿರಲಿಲ್ಲ. ಅಂದು ಮನೆಗೆ ಹೋಗುವಾಗ ಮಲಾಡಿನಲ್ಲಿ ಇಳಿಯಲು ಮರೆತು ಬೋರಿವಲಿ ತನಕ ಹೋಗಿಬಿಟ್ಟಳು.

ಆ ಪತ್ರ ಕೈಯಿಂದ ಕೈಗೆ ಹೋಗಿ ಸೀತಾರಾಮರ ಮೇಜಿಗೆ ಬಂತು. ಅದೇ ಹೊತ್ತಿಗೆ ಸಮಿತಿಯ ನಾಲ್ಕು ವರ್ಷಗಳ ವರದಿ ತಯಾರಾಗುತ್ತಿತ್ತು. ಅದರ ಸಾರಾಂಶ ಹೀಗಿತ್ತು: ‘ಬಿಗಿ ನಿಯಮಗಳು ಜಾರಿಗೆ ಬಂದಾಗಿನಿಂದ ಮುನ್ನೂರ ಹನ್ನೆರಡು ಪ್ರಕರಣಗಳು ದಾಖಲಾಗಿದ್ದು, ಒಬ್ಬನೇ ಒಬ್ಬ ಆರೋಪಿಯೂ ತಪ್ಪಿತಸ್ಥನೆಂದು ಕಂಡುಬಂದಿರುವುದಿಲ್ಲ. ಶಹರದಲ್ಲಿ ಪ್ರಾಣಿಹಿಂಸೆ ಸಂಪೂರ್ಣ ನಿಂತಿದೆ. ದೂರುದಾರರಿಗೂ ಆರೋಪಿಗಳಿಗೂ ನಡುವೆ ಅಪೂರ್ವವಾದ ಆತ್ಮೀಯತೆ ಬೆಳೆದಿರುವುದು ಗಮನಾರ್ಹ.’ ವರದಿ ಸತ್ಯವಾಗಿತ್ತು. ದಾಖಲೆ ಕೋಣೆಯ ಮುತ್ಯಾನನ್ನು ಬಿಟ್ಟು ಉಳಿದ ಮುನ್ನೂರ ಹನ್ನೊಂದು ಮುದ್ದೆಮಾಲುಗಳೂ, ಅಂದರೆ ಕುದುರೆ, ಕತ್ತೆ, ಮಂಗ, ಒಂದು ಗಿಳಿ ಸಮೇತ, ಬಾಡಿಗೆಯ ಗೋದಾಮುಗಳಲ್ಲಿ ನೆಟ್ಟಗೆ ನಿಂತಿದ್ದವು. ಗೋದಾಮುಗಳು ಗುರಲಿಂಗಪ್ಪನವು.

ತೊಂಬತ್ತೊಂದರ ‘ಮೂಕಪ್ರಾಣಿ ಸಪ್ತಾಹ’ದಲ್ಲಿ ಗುರಲಿಂಗಪ್ಪನಿಗೆ ‘ಪ್ರಾಣಿಮಿತ್ರ’ ಬಿರುದು ಕೊಡುವುದೆಂದು ತೀರ್ಮಾನವಾಯಿತು. ನಾಲ್ಕು ವರ್ಷ ಒಂದು ಎತ್ತಿನ ಪ್ರಾಣವನ್ನು ಕೇವಲ ಮೌನದಿಂದ ಕಾಪಾಡಿದ ಇನ್ನೊಬ್ಬ ನಾಗರಿಕ ಇರಲಿಲ್ಲ. ಮೈದಾನದ ಬಾಗಿಲಲ್ಲಿ ಶೋಭೆಗೆಂದು ಸಮುದ್ರತೀರದಿಂದ ತಂದ ಎರಡು ಕುದುರೆ, ಒಂದು ಒಂಟೆಯನ್ನು ಬೆಳಗಿನಿಂದ ಬಿಸಿಲಲ್ಲಿ ನಿಲ್ಲಿಸಲಾಗಿತ್ತು. ಬಾಯಿಗೆ ಹೊಸ ಬಟ್ಟೆ ಸುತ್ತಿಸಿಕೊಂಡು ಮುತ್ಯಾ ವೇದಿಕೆಯ ಪಕ್ಕದಲ್ಲಿದ್ದ. ಹಾರ ಹಾಕುವವಳು ಬಸಲಿಂಗವ್ವ.

“ಮುತ್ಯಾನ ಮುಂದ ತಲಿ ತಗ್ಗಸ್ಲಿ ಅಂದಿದ್ದೆ ಅಕ್ಕಾರ,” ಎಂದಳು ಅವಳು ಹಾರ ಹಿಡಿದು ನಿಂತು, ಪಂಕಜಾಳ ಕಿವಿಯಲ್ಲಿ.

“ಹಾರ ಹಾಕಿಸಿಕೊಳ್ಳುವಾಗ ತಗ್ಗಿಸಲೇಬೇಕಲ್ಲ,” ಎಂದಳು ಪಂಕಜಾ. ಅಷ್ಟಾದರೂ ಆಗಲೆಂದು ಇಬ್ಬರೂ ಕಾದರು.

ಗುರಲಿಂಗಪ್ಪ ತಲೆ ತಗ್ಗಿಸಿದ. ತಗ್ಗಿಸಿದ ತಲೆ ಮೇಲೇಳಲಿಲ್ಲ. ಕಣ್ಣು ಕತ್ತಲೆ ಬಂದು, ಹಾರದೊಂದಿಗೇ ವಾಲಿದ.

ಸಭೆ ಎದ್ದು ನಿಂತಿತು. ‘ಆರೋಪಿಯ ಮರಣ’ ಎಂಬ ಎರಡು ಪದಗಳು ಪಂಕಜಾಳ ಕಣ್ಣೆದುರು ಟೈಪ್ ಮಾಡಿದಂತೆ ಬಂದವು. “ನೀರು! ದೂಜಾ, ನೀರು!” ಎಂದು ಕೂಗಿದಳು. ನಿವೃತ್ತನಾಗಿ ಎರಡು ವರ್ಷವಾಗಿದ್ದರೂ ಊಟಕ್ಕೆಂದು ಬಂದಿದ್ದ ದೂಜ ತಂಬಿಗೆ ಹಿಡಿದು ಓಡಿದ. ಆದರೆ ಅವನಿಗಿಂತ ಮೊದಲು ಬಸಲಿಂಗವ್ವ ಗುರಲಿಂಗಪ್ಪನ ಕಂಕುಳಿಗೆ ಹೆಗಲು ಕೊಟ್ಟು ಎತ್ತಿ ಹಿಡಿದಿದ್ದಳು.

“ಯಣ್ಣಾ, ಕಣ್ಣ ತಗಿ. ಈಗs ಸಾಯಬ್ಯಾಡೋ ಹಾಟ್ಯಾ, ನಿನ್ನ ಕಾಲ ಬೀಳ್ತೀನಿ!”

ಅಲ್ಲಿದ್ದ ಏಕೈಕ ವೈದ್ಯರು ರಾಮಸ್ವಾಮಿ. ಅವರು ಗುರಲಿಂಗಪ್ಪನ ರೆಪ್ಪೆ ಬಿಡಿಸಿ, ನಾಲಿಗೆ ನೋಡಿ, ಅಭ್ಯಾಸಬಲದಿಂದ ಹಲ್ಲನ್ನೂ ನೋಡಿ, ಬಿ.ಪಿ. ಎಂದರು. “ಬಿಸಿಲಲ್ಲಿ ನಿಲ್ಲಿಸಬೇಡಿ. ಭಾರ ಹೊರಿಸಬೇಡಿ. ದೂರ ನಡೆಸಬೇಡಿ. ಹೊತ್ತು ಹೊತ್ತಿಗೆ ನೀರು, ಹಸಿರು ಸೊಪ್ಪು. ಹೆದರಿಸಬಾರದು, ಕೂಗಾಡಬಾರದು.”

ಸೀತಾರಾಮ ಇದನ್ನೆಲ್ಲ ಬರೆದುಕೊಂಡರು. ಮುನ್ನೂರ ಹನ್ನೆರಡು ಪ್ರಾಣಿಗಳ ಜೀವ ಅಷ್ಟೇ ಜನ ಆರೋಪಿಗಳ ಆರೋಗ್ಯವನ್ನು ಅವಲಂಬಿಸಿದೆ ಎಂಬುದು ಅಂದು ಅವರಿಗೆ ಹೊಳೆಯಿತು. ಮರುದಿನವೇ ಸಮಿತಿಯ ತುರ್ತು ಸಭೆ. ತಿದ್ದುಪಡಿಗೆ ಅಡ್ಡಿಯಿರಲಿಲ್ಲ, ಏಕೆಂದರೆ ಇದು ಬಿಗಿಗೊಳಿಸುವ ತಿದ್ದುಪಡಿ. ನಿಯಮ ಇಪ್ಪತ್ತೊಂದು ಅಂಗೀಕಾರವಾಯಿತು. ಕರಡು ಮಾಡಿದವಳು ಪಂಕಜಾ, ಈ ಸಲ ಹಳೇ ಕರಡನ್ನು ಮುಟ್ಟದೆ:

‘ಆರೋಪಿಯನ್ನು ಬಿಸಿಲಲ್ಲಿ ನಿಲ್ಲಿಸತಕ್ಕದ್ದಲ್ಲ. ಆರೋಪಿಯ ಮೇಲೆ ಭಾರ ಹೊರಿಸತಕ್ಕದ್ದಲ್ಲ. ಹಸಿವು, ಬಾಯಾರಿಕೆ, ಹೆದರಿಕೆಗೆ ಗುರಿಪಡಿಸತಕ್ಕದ್ದಲ್ಲ. ವಿಚಾರಣೆಯ ದಿನ ದೂರುದಾರನು ಆರೋಪಿಯನ್ನು ಕುಲುಕಾಟವಿಲ್ಲದ ವಾಹನದಲ್ಲಿ ರೈಲು ಸ್ಟೇಷನ್ನಿಗೆ ತಲುಪಿಸತಕ್ಕದ್ದು. ತಪ್ಪಿದಲ್ಲಿ ಐದು ಸಾವಿರ ರೂಪಾಯಿ ದಂಡ, ಮೂರು ತಿಂಗಳು ಜೈಲು.’

ಬರೆದು ಮುಗಿಸಿ ಓದಿಕೊಂಡಾಗ ಪಂಕಜಾಳಿಗೆ, ಎತ್ತುಗಳಿಗೆಂದು ತಾನು ನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಬರೆಯಬೇಕಾಗಿದ್ದದ್ದು ಇದನ್ನೇ ಎಂದು ಗೊತ್ತಾಯಿತು. ಏಳು ಜನ ಸಹಿ ಹಾಕಿದರು. ಸದಸ್ಯರು ಮೇಜು ತಟ್ಟಿದರು. ದೇಶದಲ್ಲೇ ಇಷ್ಟು ಮಾನವೀಯವಾದ ನಿಯಮ ಇಲ್ಲವೆಂದು ಮೂವರು ಸದಸ್ಯರು, ಬೇರೆ ದೇಶಗಳಲ್ಲಿ ಇದೆಯೇ ಎಂದು ಖುದ್ದಾಗಿ ನೋಡಿ ಬರಲು ಹೊರಟರು.

ಮುಂದಿನ ತಿಂಗಳ ಮೊದಲ ಸೋಮವಾರ, ನಿಯಮ ಪಾಲನೆ ಹೇಗಿದೆ ನೋಡಲು ಪಂಕಜಾಳನ್ನು ಕಾಂದಿವಲಿ ಸ್ಟೇಷನ್ನಿನ ಹೊರಗೆ ರಿಜಿಸ್ಟರ್ ಸಮೇತ ನಿಲ್ಲಿಸಲಾಗಿತ್ತು. ಎಂಟು ಗಂಟೆಗೆ ರಿಕ್ಷಾ, ಬಸ್ಸುಗಳ ನಡುವೆ ಬಸಲಿಂಗವ್ವನ ಕೈಗಾಡಿ ಕಾಣಿಸಿತು. ಡ್ರಮ್ಮುಗಳ ಜಾಗದಲ್ಲಿ ಕೌದಿ ಹಾಸಿತ್ತು. ಕೌದಿಯ ಮೇಲೆ ದಿಂಬಿಗೊರಗಿ ಗುರಲಿಂಗಪ್ಪ, ತಲೆಯ ಮೇಲೆ ಕಟ್ಟಿದ ಕೊಡೆ, ಮಡಿಲಲ್ಲಿ ಉಪ್ಪಿಲ್ಲದ ರೊಟ್ಟಿ, ಮೆಂತ್ಯಪಲ್ಯೆಯ ಡಬ್ಬಿ. ಮುಂದೆ ಬಸಲಿಂಗವ್ವ, ಹೆಗಲಿಗೆ ಅಡ್ಡಪಟ್ಟಿ, ಕತ್ತು ಮುಂದಕ್ಕೆ ಚಾಚಿ, ತೂಗಿ ತೂಗಿ ಬರುತ್ತಿದ್ದಳು. ಆ ನಡಿಗೆಯನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು ಪಂಕಜಾಳಿಗೆ.

ಮೂಲೆಯಲ್ಲಿ ಹವಾಲ್ದಾರನೊಬ್ಬ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಹೊಸ ನಿಯಮದ ಸುತ್ತೋಲೆ ಅವನ ಜೇಬಿನಲ್ಲೇ ಇತ್ತು. ಸುತ್ತ ಒಂದು ಸಲ ನಡೆದು ಚಕ್ರ ನೋಡಿದ, ಕೌದಿ ಒತ್ತಿ ನೋಡಿದ, ಕೊಡೆಯ ನೆರಳು ಸರಿಯಾಗಿ ಬೀಳುತ್ತಿದೆಯೇ ಎಂದು ಬಗ್ಗಿ ನೋಡಿದ. “ಕಾಹೀ ತ್ರಾಸ್?” ಎಂದು ಗುರಲಿಂಗಪ್ಪನನ್ನು ಕೇಳಿದ. ತೊಂದರೆಯೇನೂ ಇಲ್ಲವೆಂದು ಗುರಲಿಂಗಪ್ಪ ತಲೆಯಾಡಿಸಿದ. ಹವಾಲ್ದಾರ ಸಲಾಮು ಹೊಡೆದು ದಾರಿ ಬಿಟ್ಟ.

ಪಂಕಜಾ ರಿಜಿಸ್ಟರ್ ತೆರೆದು ‘ಉಲ್ಲಂಘನೆ ಇಲ್ಲ’ ಎಂದು ಬರೆದಳು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವೂ ಸರಿಯಾದ ಜಾಗದಲ್ಲಿದ್ದವು.

“ಅಕ್ಕಾರ, ಮುತ್ಯಾಂದು ಮುಂಜಾನಿ ತಪಾಸಣಿ ಆತ್ರ್ಯಾ?” ಎಂದು ಬಸಲಿಂಗವ್ವ ಏದುತ್ತ ಕೇಳಿದಳು.

“ಹೋದ ತಕ್ಷಣ ಮಾಡ್ತೀನಮ್ಮ. ಹಸಿ ಜೋಳದ ದಂಟು ತರಿಸಿದೀನಿ.”

“ಹಂಗಾರ ಬಿಡ್ರಿ,” ಎಂದು ಬಸಲಿಂಗವ್ವ ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಸ್ಟೇಷನ್ನಿನ ಏರಿಗೆ ಎದೆ ಕೊಟ್ಟಳು. ಗಾಡಿ ಒಮ್ಮೆ ಜಗ್ಗಿ ಮುಂದಕ್ಕೆ ಹೋಯಿತು. ಕೊಡೆಯ ಕೆಳಗಿನಿಂದ ಗುರಲಿಂಗಪ್ಪನ ದನಿ ಬಂತು, ಸಿಟ್ಟಿನದಲ್ಲ, ತಿಳಿಹೇಳುವಂಥದು:

“ಸಾವಕಾಶ ಎಳಿ ಅವ್ವಾ. ಕುಲುಕಿದ್ರ ಕಾಯ್ದೆ ಐತಿ.”